ಕಸವೂ ಕಾಯಕವೂ

ಆಳಂದ ಸೀಮೆಯಿಂದ ಹರಿದುಬರುವ ಅಮರ್ಜೆಯು ಭೀಮೆಯನ್ನು ಕೂಡುವ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ, ನಿರ್ಗುಣ ಪಾದುಕೆಗಳ ದರ್ಶನಕ್ಕೆ ಬಂದವರು ಸಂಗಮದಲ್ಲಿ ಮಿಂದು, ಐದು ಮನೆಗಳಲ್ಲಾದರೂ ಮಾಧುಕರಿ ಭಿಕ್ಷೆ ಬೇಡುವುದು ಬಹುಕಾಲದ ಸಂಪ್ರದಾಯ. ಧನಿಕನೂ ಜೋಳಿಗೆ ಹಿಡಿದು ಪರರ ಹೊಸ್ತಿಲಲ್ಲಿ ನಿಲ್ಲಬೇಕಾದ ಈ ಆಚಾರವು ಅಹಂಕಾರವನ್ನು ಇಳಿಸಲೆಂದೇ ಹುಟ್ಟಿದಂತಿದೆ. ಆದರೆ ನಾಡಿನ ಎಷ್ಟೋ ತೀರ್ಥಗಳಲ್ಲಿ ಯಾತ್ರಿಕನು ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟು, ಶಾಂಪೂ ಪೊಟ್ಟಣವನ್ನು ಮೆಟ್ಟಿಲ ಮೇಲೆ ಒಗೆದು, ಪಾಪ ಕಳೆಯಿತೆಂದು ಹಗುರಾಗಿ ಮರಳುವಾಗ, ತಾನು ಬಿಟ್ಟದ್ದು ಯಾರ ಪಾಲಿಗೆ ಹೋಯಿತೆಂದು ಕೇಳಿಕೊಳ್ಳುವುದಿಲ್ಲ. ಗಾಣಗಾಪುರದ ನೀರು ಮುಂದೆ ಜೇವರ್ಗಿಯ ನೀರೇ ಆಗುತ್ತದೆ. ತೀರ್ಥಕ್ಷೇತ್ರಗಳ ನದಿದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆಯೂ ನದಿಗೆ ಬಟ್ಟೆ ಬಿಡದಂತೆಯೂ ನೋಡಿಕೊಳ್ಳಲು 2025ರ ಮಾರ್ಚ್‌ನಲ್ಲಿ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆಯವರು ಸೂಚಿಸಬೇಕಾಗಿ ಬಂದಿತು.

ಮನುಷ್ಯನು ಕೇಳಿಕೊಳ್ಳದ ಈ ಪ್ರಶ್ನೆಗೆ ಉತ್ತರ ಕೊಡಲು ಈಗ ಯಂತ್ರವು ಮುಂದೆ ಬಂದಿದೆ. ಮಹಾನಗರಗಳ ವಿಂಗಡಣಾ ಘಟಕಗಳಲ್ಲಿ, ಓಡುವ ಬೆಲ್ಟಿನ ಮೇಲಿನ ಕಸದಿಂದ ಅವಕೆಂಪು ಬೆಳಕು ಮರಳುವ ಬಗೆಯನ್ನು ಅಳೆದು, ಅಸಂಖ್ಯ ಚಿತ್ರಗಳಿಂದ ಪಳಗಿದ ಕೃತಕ ಬುದ್ಧಿಮತ್ತೆಯು ಇದು ಇಂಥ ಪ್ಲಾಸ್ಟಿಕ್ಕೆಂದು ನಿರ್ಣಯಿಸಿದೊಡನೆ, ರಭಸದ ಗಾಳಿಯೊಂದು ಬಾಟಲಿಯನ್ನು ಅದರ ತೊಟ್ಟಿಗೆ ಹಾರಿಸುತ್ತದೆ. ಮಸಿ ಬೆರೆತ ಕಪ್ಪು ಪ್ಲಾಸ್ಟಿಕ್ಕು ಆ ಬೆಳಕನ್ನು ಹೀರಿಕೊಂಡು ಯಂತ್ರದ ಕಣ್ಣು ತಪ್ಪಿಸುವುದುಂಟು. ಒದ್ದೆ ಸೀರೆಯೋ ಧೋತರವೋ ಬಂದರೆ ತಿರುಗುವ ಚಕ್ರಗಳಿಗೆ ಸುತ್ತಿಕೊಳ್ಳುವುದರಿಂದ, ಮನುಷ್ಯನೇ ಚಾಕು ಹಿಡಿದು ಅದನ್ನು ಕೊಯ್ದು ತೆಗೆಯಬೇಕಾಗುತ್ತದೆ. ಈ ಕೊರತೆಗಳು ನಾಳೆ ನೀಗಬಹುದಾದುದರಿಂದ ಅವುಗಳ ಮೇಲೆ ತತ್ತ್ವವನ್ನು ಕಟ್ಟುವುದು ಜಾಣತನವಲ್ಲ. ಯಂತ್ರವು ನಿರ್ದೋಷವಾದ ದಿನವೂ ಮನುಷ್ಯನಲ್ಲಿ ಉಳಿಯುವ ಧರ್ಮವಾವುದೆಂಬುದೇ ವಿಚಾರಣೀಯ.

ಅರಳಗುಂಡಗಿಯ ಶರಣಬಸವೇಶ್ವರರ ದಾಸೋಹದಿಂದ ಪಾವನವಾದ ಈ ಭೀಮಾತೀರದ ಸೀಮೆಯಲ್ಲಿ, ಯಂತ್ರ ಬಂದರೆ ಕಾಯಕ ಕೆಟ್ಟಿತೆಂಬ ಆಕ್ಷೇಪ ಏಳುವುದು ಸಹಜ. ಆದರೆ ಕಸಬರಿಗೆಯನ್ನು ಎಂದೂ ಮುಟ್ಟದವರೇ ಅದನ್ನು ಹಿಡಿದವರಿಗೆ ಕಾಯಕದ ಮಹಿಮೆಯನ್ನು ಬೋಧಿಸುತ್ತ ಬಂದದ್ದು ಸಣ್ಣ ಅನ್ಯಾಯವಲ್ಲ. ಒಲಿದು ಕೈಕೊಂಡದ್ದು ಕಾಯಕ. ಹುಟ್ಟಿನ ಕಾರಣದಿಂದ ಹೇರಿದ್ದು ಶಿಕ್ಷೆ. ಮಲ ಹೊರುವ ಪದ್ಧತಿಯನ್ನು ಸಚಿವ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿಯೇ ನಿಲ್ಲಿಸಲು ಹೊರಟರು. 1993ರಲ್ಲಿಯೂ 2013ರಲ್ಲಿಯೂ ಕೇಂದ್ರದ ಕಾನೂನುಗಳು ಬಂದವು. ಆದರೂ ಒಳಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರವೆಂದು ಸುಪ್ರೀಂ ಕೋರ್ಟು 2023ರಲ್ಲಿ ವಿಧಿಸಬೇಕಾಯಿತೆಂದರೆ, ಸಾವು ನಿಂತಿರಲಿಲ್ಲ. ಕೇರಳದ ತರುಣರು ನಿರ್ಮಿಸಿದ ಬ್ಯಾಂಡಿಕೂಟ್ ಎಂಬ ಯಂತ್ರವು 2018ರಲ್ಲಿ ತಿರುವನಂತಪುರದ ಮ್ಯಾನ್‌ಹೋಲಿಗೆ ಇಳಿದುದು, ಈ ದೃಷ್ಟಿಯಿಂದ, ಧರ್ಮಕಾರ್ಯವೇ. ವಿಷಾನಿಲವಿರುವ ಗುಂಡಿಯಲ್ಲಿ ಮನುಷ್ಯನ ಕಾಯಕಕ್ಕೆ ಎಡೆಯಿಲ್ಲ.

ಹಾಗಾದರೆ ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿ ನಿಶ್ಚಿಂತರಾಗಬಹುದೆ? ಇಲ್ಲಿ ಶರಣರಾದ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳ ಕಥೆ ನೆನೆಯತಕ್ಕದ್ದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಅವನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಈಸೇಕೆಂದು ಕೇಳಿ, ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಕಳುಹಿದಳು. ಆಯುವ ಕೆಲಸವನ್ನು ಇಂದು ಯಂತ್ರವು ಮಾರಯ್ಯನಿಗಿಂತ ಚುರುಕಾಗಿ ಮಾಡೀತು. ಹೆಚ್ಚಾಯಿತೆಂಬ ಲಕ್ಕಮ್ಮನ ತೀರ್ಪನ್ನು ಅದು ಕೊಡಲಾರದು, ಏಕೆಂದರೆ ಅದರ ಮುಂದೆ ಕಸ ಬರುವ ಹೊತ್ತಿಗೆ ಕೊಳ್ಳುವುದೂ ಬಿಸುಡುವುದೂ ಮುಗಿದುಹೋಗಿರುತ್ತದೆ. ಯಂತ್ರವು ಎಷ್ಟು ಸಮರ್ಥವೋ ಅಷ್ಟೂ ನಮ್ಮ ಬಿಸುಡುವ ಕೈ ನಿರ್ಭೀತವಾಗುವ ಅಪಾಯವೂ ಅದರೊಡನೆಯೇ ಬರುತ್ತದೆ.

ಆದುದರಿಂದ ಪ್ರಾಣಕ್ಕೆ ಎರವಾಗುವ ಕೆಲಸ ಯಂತ್ರಕ್ಕೆ ಹೋಗಲಿ. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸುವ ಅಲ್ಪಶ್ರಮವನ್ನು ಗೃಹಸ್ಥನು ಯಾರಿಗೂ ಬಿಟ್ಟುಕೊಡದಿರಲಿ, ತಾನೆಷ್ಟು ಬಿಸುಟೆನೆಂಬ ಲೆಕ್ಕ ಸಿಕ್ಕುವುದು ಅಲ್ಲಿಯೇ. ಕಸ ಒಯ್ಯುವ ಸ್ವಚ್ಛವಾಹಿನಿಯನ್ನು ನಡೆಸುವ ಹಳ್ಳಿಯ ಹೆಣ್ಣುಮಗಳೂ ಚಿಂದಿ ಆಯುವವನೂ ಯಂತ್ರದಿಂದ ಕೂಲಿ ಕಳೆದುಕೊಳ್ಳದೆ ಅದರ ಗಳಿಕೆಯಲ್ಲಿ ಪಾಲು ಪಡೆದಲ್ಲಿ, ಅದನ್ನು ದಾಸೋಹವೆನ್ನಲು ಅಡ್ಡಿಯಿಲ್ಲ. ಇಲ್ಲವಾದರೆ, ಊರು ಎಷ್ಟೇ ಶುಭ್ರವಾಗಿ ಕಂಡರೂ, ನಾವು ಒಬ್ಬರ ಅನ್ನವನ್ನೂ ಕಸದೊಡನೆ ಗುಡಿಸಿದಂತೆಯೇ ಸರಿ.