ತೀರದ ಲೆಕ್ಕ

ದಸರೆಯ ರಜೆಯಲ್ಲಿ ಕೊಡಗಿನ ಬ್ರಹ್ಮಗಿರಿಯ ಮಗ್ಗುಲಲ್ಲಿ, ಮೋಡ ಮುಸುಕಿದ ಶೋಲಾ ಕಾಡಿನಂಚಿನ ವಿಲಾಸಿ ವಸತಿಗೃಹವೊಂದರಲ್ಲಿ, ತಿಂಗಳ ಮನೆ ಬಾಡಿಗೆಯಷ್ಟು ತೆತ್ತು ಎರಡು ರಾತ್ರಿ ತಂಗಿದ್ದೆ. ಸ್ನಾನದ ಮನೆಯಲ್ಲೊಂದು ಚೀಟಿ: ‘ಟವೆಲನ್ನು ಮತ್ತೆ ಬಳಸಿ, ಪ್ರಕೃತಿಯನ್ನು ಉಳಿಸಿ.’ ಬಳಸಿದೆ. ಎಷ್ಟು ಅಗ್ಗದ ಪುಣ್ಯ!

ಕಿಟಕಿಯಾಚೆ ಹಾವಸೆ ಹೊದ್ದ ಗಿಡ್ಡ ಮರಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೋಡವನ್ನು ಸೋಸಿ, ಮಳೆಯನ್ನು ಹೀರಿಟ್ಟುಕೊಂಡು, ಈ ಕಾಡು ತೊರೆಗಳಿಗೆ ತುಸುತುಸುವೇ ನೀರುಣಿಸುತ್ತದೆ. ಅಲ್ಲಿ ಹುಟ್ಟುವ ಕಾವೇರಿಯನ್ನು 1974ರಿಂದ ನಮ್ಮ ಬೆಂಗಳೂರು ಸುಮಾರು 100 ಕಿಲೋಮೀಟರ್ ದೂರದಿಂದ ಎತ್ತಿ ತಂದು ಕುಡಿಯುತ್ತಿದೆ. ಹುಟ್ಟಿದಂದಿನಿಂದಲೂ ನಾನು ಈ ಕಾಡಿನ ಅತಿಥಿಯೇ ಎಂದಾಯಿತು.

ಕಾಫಿ ತಂದ ಹುಡುಗನನ್ನು ಕೇಳಿದೆ: “ನಿಮಗೆ ನೀರಿನ ಕೊರತೆ ಇರಲಾರದು, ಅಲ್ಲವೇನಪ್ಪ?”

“ಮಾರ್ಚಿಗೆ ನಮ್ಮ ಬಾವಿ ಬತ್ತುತ್ತದೆ ಸಾರ್. ಅಮ್ಮ ದೂರದ ತೊರೆಯಿಂದ ಹೊತ್ತು ತರುತ್ತಾರೆ” ಎಂದು ನಕ್ಕು ಹೋದ.

ಹೊರಡುವಾಗ ಕೈಗೆ ಬಂದ ರಸೀದಿಯಲ್ಲಿ ಕೋಣೆಯ ಬಾಡಿಗೆ ಇತ್ತು, ಊಟದ ಲೆಕ್ಕವಿತ್ತು. ಕಾಡಿಗೂ ಆ ತಾಯಿಗೂ ಸಲ್ಲಬೇಕಾದುದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಹಿರಿಯರು ದೇವಋಣ, ಋಷಿಋಣ, ಪಿತೃಋಣಗಳೆಂದರು. ದುಡ್ಡಿನಿಂದ ತೀರುವುದು ಅವುಗಳಲ್ಲಿ ಒಂದೂ ಇಲ್ಲ. ಆದರೂ ದುಡ್ಡು ಎಣಿಸಿದವನಿಗೆ ಋಣ ಹರಿಯಿತೆಂಬ ನೆಮ್ಮದಿ. ಎರಡು ದಿನ ನನಗೂ ಹಾಗೆಯೇ ಇತ್ತು.

ಈಗ ಮನೆಯ ನಲ್ಲಿ ತಿರುಗಿಸಿದಾಗಲೆಲ್ಲ ಆ ಹುಡುಗನ ನಗು ನೆನಪಾಗುತ್ತದೆ.