ಅಚ್ಚಿನಲ್ಲಿ ನಾಗ ಇಳಿಯುತ್ತಾನೆಯೇ?

ಹಿಂದೆ ಸುಳ್ಯ ತಾಲೂಕಿನಲ್ಲಿದ್ದ ಕುಕ್ಕೆ ಸುಬ್ರಹ್ಮಣ್ಯ ಈಗ ಕಡಬಕ್ಕೆ ಸೇರಿದೆ. ತಾಲೂಕಿನ ಗಡಿ ಎಲ್ಲಿಗೆ ಸರಿದರೂ, ಅಲ್ಲಿಂದ ಪುತ್ತೂರಿನವರೆಗೆ ನಾಗಬನವಿಲ್ಲದ ಊರು ಸಿಗುವುದು ಕಷ್ಟ. ನಾಗನ ಸೇವೆಗಳಾದ ಆಶ್ಲೇಷಾಬಲಿಗೂ ನಾಗಮಂಡಲಕ್ಕೂ ಹುಡಿಯಲ್ಲಿ ಮಂಡಲ ಬರೆಯುತ್ತಾರೆ: ಅರಸಿನದ ಹಳದಿ, ಅರಸಿನಕ್ಕೆ ಸುಣ್ಣ ಬೆರೆಸಿದ ಕೆಂಪು, ಎಲೆಯ ಹಸಿರು, ಉಮಿಕರಿಯ ಕಪ್ಪು, ಜೊತೆಗೆ ಬಿಳಿ. ಮನೆಯಂಗಳದ ರಂಗೋಲಿಗಾದರೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಅಚ್ಚು ಸಿಗುತ್ತದೆ. ಮಂಡಲವನ್ನೂ ಹಾಗೆ ಅಚ್ಚಿನಿಂದ ಇಳಿಸಿದರೆ ದೇವರ ಸಾನ್ನಿಧ್ಯ ಕಡಿಮೆಯಾಗುತ್ತದೆಯೇ?

ಅಚ್ಚಿನ ಕೆಲಸವನ್ನು ಹಗುರವಾಗಿ ಕಾಣಬೇಕಿಲ್ಲ. ನೆಲ ಒದ್ದೆಯಿದ್ದರೆ ಹುಡಿ ಮುದ್ದೆಯಾಗುತ್ತದೆ; ಓರೆಯಾಗಿ ಎತ್ತಿದರೆ ಗೆರೆ ಕಲಸಿಹೋಗುತ್ತದೆ. ಹಾಳೆಯಲ್ಲಿ ಕೊರೆದ ಅಚ್ಚಿಗೆ ಇನ್ನೂ ಒಂದು ಮಿತಿಯಿದೆ. ವೃತ್ತವನ್ನು ಪೂರ್ತಿ ಕೊರೆದರೆ ಒಳಗಿನ ತುಂಡು ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಅಲ್ಲಲ್ಲಿ ಸಣ್ಣ ಪಟ್ಟಿ ಉಳಿಸಬೇಕು, ಉಳಿಸಿದಲ್ಲೆಲ್ಲ ಗೆರೆ ಕಡಿಯುತ್ತದೆ. ನಾಗಮಂಡಲದ ಸೊಬಗು ಇರುವುದೇ ಎಲ್ಲೂ ಕಡಿಯದ ಮೈಯಲ್ಲಿ; ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾದು ಪವಿತ್ರದ ಗಂಟಾಗುವ ಹಾವಿನ ಹೆಣಿಗೆಯಲ್ಲಿ. ಜಾಲರಿಯ ಅಚ್ಚು ಬಂದ ಮೇಲೆ ಆ ತೊಡಕೂ ಇಲ್ಲ. ಈಗ ಉಳಿದಿರುವುದು ಶ್ರದ್ಧೆಯ ಪ್ರಶ್ನೆ ಮಾತ್ರ.

ಅಚ್ಚು ಎಂದ ಕೂಡಲೇ ಮೈಲಿಗೆ ಎನ್ನುವವರು ಮಥುರಾ, ವೃಂದಾವನದ ಸಾಂಝಿಯನ್ನು ನೋಡಬೇಕು. ಪಿತೃಪಕ್ಷದ ದಿನಗಳಲ್ಲಿ ಅಲ್ಲಿನ ದೇವಾಲಯಗಳಲ್ಲಿ, ಸೂಕ್ಷ್ಮವಾಗಿ ಕೊರೆದ ಕಾಗದದ ಅಚ್ಚುಗಳನ್ನು ಒಂದಾದ ಮೇಲೊಂದು ಇಟ್ಟು, ಬಣ್ಣದ ಹುಡಿ ಉದುರಿಸಿ ಕೃಷ್ಣಲೀಲೆ ಚಿತ್ರಿಸುತ್ತಾರೆ. ಆ ಅಚ್ಚು ಕೊರೆಯುವುದೂ ಸೇವೆಯೇ. ಪೂಜೆ ಮುಗಿದ ಮೇಲೆ ಚಿತ್ರವನ್ನು ಅಳಿಸುತ್ತಾರೆ, ನಮ್ಮ ಮಂಡಲದಂತೆಯೇ.

ದೇವರನ್ನು ಕರೆಯುವುದು ಮಂತ್ರ, ಭಾವ. ಗೆರೆ ಯಾವ ದಾರಿಯಲ್ಲಿ ಬಂತೆಂದು ಕೇಳಿ ಆತ ಹಿಂದಿರುಗುವುದಿಲ್ಲ. ಮನೆಯ ಹೊಸ್ತಿಲಲ್ಲಿ, ಬೆನ್ನು ಬಾಗದ ಅಜ್ಜಿಯ ಕೈಯಲ್ಲಿ ಅಚ್ಚು ಇರಲಿ, ಅದರಲ್ಲಿ ಕುಂದೇನೂ ಇಲ್ಲ.

ನಾಗಮಂಡಲದ ಮಾತು ಬೇರೆ. ಅಲ್ಲಿ ಮಂಡಲ ಬರೆದು ರಾತ್ರಿ ಅದರ ಸುತ್ತ ನರ್ತಿಸುವ ವೈದ್ಯರೆಂಬ ಪಂಗಡದವರು ಗಂಟೆಗಟ್ಟಲೆ ಬಾಗಿ ಬರೆಯುವುದು ಪೂಜೆಗೆ ಮುಂಚಿನ ಸಿದ್ಧತೆ ಎಂದು ತೋರಬಹುದು. ನಿಜವಾಗಿ ಪೂಜೆ ಅಲ್ಲಿಂದಲೇ ಶುರು. ಯಾವ ಎಳೆ ಯಾವುದರ ಕೆಳಗೆ ಹಾಯಬೇಕೆಂಬ ತಿಳಿವು ಬೆರಳಿನಿಂದ ಬೆರಳಿಗೆ ಬಂದದ್ದು. ಬರೆಯುವುದು ನಿಂತರೆ ಆ ತಿಳಿವು ಒಂದೇ ತಲೆಮಾರಿನಲ್ಲಿ ಹೋಗುತ್ತದೆ. ಅಚ್ಚಿನಿಂದ ನಾಗನಿಗೆ ನಷ್ಟವಿಲ್ಲ, ನಷ್ಟವೆಲ್ಲ ನಮಗೆ.

ಸೇವೆ ಮಾಡಿಸುವ ಮನೆಯವರು ರಾತ್ರಿಯ ನರ್ತನಕ್ಕೆ ಮಾತ್ರ ಬಂದರೆ ಸಾಲದು. ಮೊದಲ ಗೆರೆ ಬೀಳುವ ಹೊತ್ತಿಗೇ ಮಕ್ಕಳನ್ನೂ ಕರೆತಂದು ಚಪ್ಪರದಲ್ಲಿ ಕೂರಿಸಿ.