ಮುಟ್ಟದೆ ಬಿಡುವ ಹೊತ್ತು

ನಮ್ಮ ಸಿಹಿತಿಂಡಿಗಳ ಯಾವ ಅಡುಗೆ ಪುಸ್ತಕ ತೆರೆದರೂ ಒಂದು ಮಾತು ತಪ್ಪದೆ ಸಿಗುತ್ತದೆ: ಕೈಬಿಡದೆ ಮಗುಚುತ್ತಿರಿ. ಕೊಬ್ಬರಿ ಮಿಠಾಯಿಗೂ ಅದೇ, ಹಾಲುಬಾಯಿಗೂ ಅದೇ, ಮೈಸೂರು ಪಾಕಿಗಂತೂ ಕೇಳುವುದೇ ಬೇಡ. ಸೌಟು ಒಂದು ಗಳಿಗೆ ನಿಂತರೂ ತಳ ಹಿಡಿಯಿತೆಂದೇ ಲೆಕ್ಕ. ಈ ಶಿಸ್ತಿನಲ್ಲಿ ಪಳಗಿದ ಕೈಗೆ ಅಮೆರಿಕದ ಮನೆಗಳಲ್ಲಿ ಹಿಂದಿನಿಂದ ಬಂದ ಚಾಕೊಲೇಟ್ ಫಡ್ಜ್‌ನ ಕ್ರಮ ಮೊದಲು ವಿಚಿತ್ರವಾಗಿ, ಆಮೇಲೆ ಕಷ್ಟವಾಗಿ ಕಾಣುತ್ತದೆ. ಸಕ್ಕರೆ, ಹಾಲು, ಕೋಕೋ ಸೇರಿಸಿ ಕುದಿಸಿ, ಪಾಕ ಬಂದ ಕೂಡಲೇ ಇಳಿಸಿ, ಮೇಲೆ ಬೆಣ್ಣೆ ಹಾಕಿ, ಅಷ್ಟಕ್ಕೇ ಕೈ ತೆಗೆಯಬೇಕು. ಬೆಣ್ಣೆ ಕರಗಿ ಮೇಲೆ ತೇಲುತ್ತಿದ್ದರೂ ಕಲಸಬಾರದು. ಪಾತ್ರೆಯನ್ನು ಅಲುಗಿಸಬಾರದು. ತಳಕ್ಕೆ ಅಂಗೈ ಹಚ್ಚಿದರೆ ಹಿತವಾಗಿ ಬೆಚ್ಚಗಿದೆ ಅನ್ನಿಸುವವರೆಗೆ, ಅಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವವರೆಗೆ, ಅದನ್ನು ಅದರ ಪಾಡಿಗೆ ಬಿಡಬೇಕು. ಅದಕ್ಕೆ ಒಂದು ಗಂಟೆ ಹಿಡಿಯಬಹುದು, ಹೆಚ್ಚೂ ಹಿಡಿಯಬಹುದು.

ಬೆಂಗಳೂರಿನ ಐಸ್‌ಕ್ರೀಮ್ ಅಂಗಡಿಗಳಲ್ಲಿ ‘ಹಾಟ್ ಚಾಕೊಲೇಟ್ ಫಡ್ಜ್’ ತಿಂದವರು ಅದನ್ನೇ ನೆನೆಯಬಾರದು. ಅದು ಐಸ್‌ಕ್ರೀಮಿನ ಮೇಲೆ ಸುರಿಯುವ ಬಿಸಿ ಸಾಸ್. ನಾನು ಹೇಳುತ್ತಿರುವುದು ಗಟ್ಟಿಯಾಗಿ, ಚೌಕವಾಗಿ ಕತ್ತರಿಸುವ ತಿನಿಸು. ನೋಡಲು ಬರ್ಫಿಯ ಹಾಗೆ. ಹಲ್ಲಿಗೆ ಸಿಕ್ಕ ತಕ್ಷಣ ಮುರಿದು, ನಾಲಗೆಯ ಮೇಲೆ ಬೆಣ್ಣೆಯ ಹಾಗೆ ಕರಗಬೇಕು. ಮರಳು ಮರಳಾಗಿ ಸಿಕ್ಕಿದರೆ ಕೆಟ್ಟಿತೆಂದು ಅರ್ಥ.

ಇದರ ಹುಟ್ಟಿನ ಬಗ್ಗೆ ಕಥೆಗಳು ಹಲವು. ಕಾಗದದ ಮೇಲೆ ಉಳಿದ ಹಳೆಯ ಸಾಕ್ಷಿಗಳಲ್ಲಿ ಹೆಸರಾದದ್ದು ಒಂದು ಪತ್ರ. ನ್ಯೂಯಾರ್ಕ್ ರಾಜ್ಯದ ಪೋಕೀಪ್ಸಿಯಲ್ಲಿರುವ ವಾಸರ್ ಕಾಲೇಜು ಆಗ ಹೆಣ್ಣುಮಕ್ಕಳಿಗೆ ಮಾತ್ರ. ಅಲ್ಲಿ ಓದಿದ ಎಮಿಲಿನ್ ಬ್ಯಾಟರ್ಸ್‌ಬಿ ಹಾರ್ಟ್‌ರಿಜ್ ಆ ಪತ್ರ ಬರೆದವರು. 1886ರಲ್ಲಿ ಸಹಪಾಠಿಯೊಬ್ಬಳ ಬಂಧು ಬಾಲ್ಟಿಮೋರ್ ನಗರದಲ್ಲಿ ಫಡ್ಜ್ ಮಾಡುತ್ತಿದ್ದರಂತೆ. ಅಲ್ಲಿ ಪೌಂಡಿಗೆ 40 ಸೆಂಟಿನ ಹಾಗೆ ಮಾರಾಟವಾಗುತ್ತಿತ್ತಂತೆ. ಮಾಡುವ ಬಗೆ ಕೇಳಿ ತಿಳಿದುಕೊಂಡ ಎಮಿಲಿನ್ 1888ರಲ್ಲಿ ಕಾಲೇಜಿನ ಹರಾಜಿಗೆಂದು 30 ಪೌಂಡ್ ಮಾಡಿದರು. ನಮ್ಮ ಲೆಕ್ಕದಲ್ಲಿ ಹದಿಮೂರು ಕಿಲೋಗೂ ಮೇಲೆ. ಅಲ್ಲಿಂದ ಅದು ವೆಲ್ಸ್ಲಿ, ಸ್ಮಿತ್ ಮುಂತಾದ ಮಹಿಳಾ ಕಾಲೇಜುಗಳಿಗೆ ಹಬ್ಬಿ, ಒಂದೊಂದು ಕಡೆ ಒಂದೊಂದು ರೂಪ ಪಡೆಯಿತು.

ಕಾಲ ಎಂಥದ್ದೆಂದು ನೋಡಬೇಕು. ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಲಾರ್ಕ್ 1873ರಲ್ಲಿ ಪುಸ್ತಕ ಬರೆದು, ಹುಡುಗಿಯರು ಹುಡುಗರ ಹಾಗೆ ಓದಿದರೆ ದೇಹದ ಶಕ್ತಿಯೆಲ್ಲ ತಲೆಗೆ ಹೋಗಿ ಹೆರುವ ಶಕ್ತಿ ಕುಂದುತ್ತದೆ ಎಂದು ವಾದಿಸಿದ್ದ. ಅದನ್ನು ನಂಬಿದವರು ಕಡಿಮೆ ಇರಲಿಲ್ಲ. ಹೀಗಾಗಿ ಕಾಲೇಜುಗಳು ಹುಡುಗಿಯರ ಊಟ, ನಿದ್ದೆ, ನಡಿಗೆ ಎಲ್ಲಕ್ಕೂ ಗಂಟೆ ಕಟ್ಟಿದ್ದವು. ರಾತ್ರಿ ಹತ್ತಕ್ಕೆ ದೀಪ ಆರಬೇಕು. ಆರಬೇಕಾದ ಆ ಗ್ಯಾಸ್ ದೀಪದ ಉರಿಯ ಮೇಲೇ ಅವರು ಕದ್ದು ಫಡ್ಜ್ ಕುದಿಸುತ್ತಿದ್ದರು ಎಂದು ಹೇಳುತ್ತಾರೆ. ನನಗೆ ಈ ಚಿತ್ರ ಇಷ್ಟ, ಅದರಲ್ಲಿರುವ ತಮಾಷೆಯೂ ಇಷ್ಟ. ‘ನೀವಿನ್ನೂ ಕಾಯಿರಿ’ ಎಂದು ಲೋಕವೆಲ್ಲ ಹೇಳುತ್ತಿದ್ದಾಗ ಕಾಯಲು ಒಪ್ಪದೆ ಓದಲು ಬಂದ ಹುಡುಗಿಯರು, ಕಾಯದಿದ್ದರೆ ಕೆಡುವ ತಿನಿಸನ್ನೇ ತಮ್ಮದಾಗಿಸಿಕೊಂಡರು.

ಕಾಯದಿದ್ದರೆ ಏಕೆ ಕೆಡುತ್ತದೆ? ಕುದಿಯುವ ಹಾಲು ತನ್ನಲ್ಲಿ ಬಹಳಷ್ಟು ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಆರುತ್ತ ಬಂದಂತೆ ಅಷ್ಟನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಆದರೂ ಯಾರೂ ಕೆಣಕದಿದ್ದರೆ ಸಕ್ಕರೆ ತಟ್ಟನೆ ಹರಳಾಗುವುದಿಲ್ಲ. ನೆಪವೊಂದಕ್ಕೆ ಕಾದು ಕೂತಿರುತ್ತದೆ. ಬಿಸಿಯಾಗಿರುವಾಗಲೇ ಸೌಟು ಆಡಿಸಿದರೆ ಅದೇ ನೆಪವಾಗಿ ಅಲ್ಲಲ್ಲಿ ಕೆಲವೇ ಹರಳು ಹುಟ್ಟುತ್ತವೆ. ಸುತ್ತ ಇನ್ನೂ ತೆಳ್ಳಗಿರುವ ಪಾಕದಿಂದ ಸಕ್ಕರೆ ಎಳೆದುಕೊಂಡು ಅವು ದಪ್ಪವಾಗಿ ಬೆಳೆಯುತ್ತವೆ. ನಾಲಗೆಗೆ ಸಿಗುವ ಮರಳು ಅದೇ. ಚೆನ್ನಾಗಿ ಆರಿ ಮಂದವಾದ ಮೇಲೆ ಒಮ್ಮೆಗೇ ಬಲವಾಗಿ ಬಡಿದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಒಟ್ಟಿಗೇ ಹುಟ್ಟಿ, ಯಾವುದಕ್ಕೂ ಬೆಳೆಯಲು ಎಡೆ ಇಲ್ಲದೆ, ನಾಲಗೆಗೆ ತಿಳಿಯದಷ್ಟು ನಯವಾಗಿ ಉಳಿಯುತ್ತವೆ. ಅದೇ ಸಕ್ಕರೆ, ಅದೇ ಸೌಟು, ಅದೇ ತೋಳು. ಯಾವಾಗ ಎಂಬುದರಲ್ಲಷ್ಟೇ ವ್ಯತ್ಯಾಸ.

ಇನ್ನೊಂದು ವಿಷಯ ಹೇಳಲೇಬೇಕು. ಪಾತ್ರೆಯ ಅಂಚಿಗೆ ಕರಗದ ಸಕ್ಕರೆಯ ಕಾಳೊಂದು ಅಂಟಿಕೊಂಡಿದ್ದರೆ ಸಾಕು, ಮುಟ್ಟದೆ ಕಾದರೂ ಪ್ರಯೋಜನವಿಲ್ಲ. ಅದು ಜಾರಿ ಬಿದ್ದರೆ ಇಡೀ ಪಾಕಕ್ಕೆ ಬೀಜವಾಗುತ್ತದೆ. ಅದಕ್ಕೇ ಕುದಿ ಬಂದಾಗ ಎರಡು ಮೂರು ನಿಮಿಷ ಮುಚ್ಚಳ ಹಾಕುತ್ತಾರೆ. ಆವಿ ನೀರಾಗಿ ಇಳಿದು ಅಂಚನ್ನು ತೊಳೆಯುತ್ತದೆ. ಇಲ್ಲವೇ ಒದ್ದೆ ಬ್ರಷ್‌ನಿಂದ ಒರೆಸುತ್ತಾರೆ. ಸುಮ್ಮನಿರುವುದಕ್ಕೂ ಮೊದಲೇ ಮಾಡಬೇಕಾದ ಕೆಲಸ ಇದು. ಜಾಮೂನಿನ ಪಾಕಕ್ಕೆ ನಮ್ಮವರು ನಾಲ್ಕು ಹನಿ ನಿಂಬೆರಸ ಹಿಂಡುವುದೂ ಸಕ್ಕರೆ ಹರಳುಗಟ್ಟದಿರಲಿ ಎಂದೇ.

ಪಾಕಕ್ಕೆ ಹೇಳಿದ ಈ ಮಾತು ಮನಸ್ಸಿಗೂ ಹೊಂದುತ್ತದೆ. ಪಿಯುಸಿ ಫಲಿತಾಂಶದ ದಿನ ಯಾವುದಾದರೂ ಮನೆಯಲ್ಲಿ ಕೂತು ನೋಡಿ. ಅಂಕ ನಿರೀಕ್ಷೆಗಿಂತ ಕಡಿಮೆ ಬಂದಿದೆ. ಹುಡುಗ ಕೋಣೆಯ ಬಾಗಿಲು ಹಾಕಿಕೊಂಡಿದ್ದಾನೆ. ಹೊರಗೆ ಫೋನಿನ ಮೇಲೆ ಫೋನು. ದೊಡ್ಡಪ್ಪ ಕೇಳುತ್ತಾರೆ, ಅತ್ತೆ ಕೇಳುತ್ತಾರೆ, ಪಕ್ಕದ ಮನೆಯವರು ಸಿಹಿ ಹಂಚುವ ನೆಪದಲ್ಲಿ ಬಂದು ಕೇಳುತ್ತಾರೆ. ಅಪ್ಪ ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತಟ್ಟಿ, ಮರುಮೌಲ್ಯಮಾಪನಕ್ಕೆ ಹಾಕೋಣವೋ, ಡಿಪ್ಲೊಮಾ ಸೇರುತ್ತೀಯೋ, ನಾನು ಆಗಲೇ ಹೇಳಿರಲಿಲ್ಲವೇ ಎಂದು ಮಾತಾಡಿಸುತ್ತಾರೆ. ಇದರಲ್ಲಿ ಕೆಡುಕೇನೂ ಇಲ್ಲ, ಎಲ್ಲವೂ ಪ್ರೀತಿಯೇ. ಆದರೆ ಕುದಿಯುವಾಗ ಆಡಿದ ಮಾತು ಆ ಮನಸ್ಸಿನಲ್ಲಿ ಹರಳಾಗಿ, ವರ್ಷಗಳ ಮೇಲೂ ಕರಗದೆ ಕೂರುತ್ತದೆ. ಮೂವತ್ತರ ವಯಸ್ಸಿನಲ್ಲೂ ಅಪ್ಪ ಆ ದಿನ ಹೇಳಿದ ಒಂದು ಸಾಲನ್ನು ಅಕ್ಷರ ತಪ್ಪದೆ ಹೇಳಬಲ್ಲವರನ್ನು ನೀವೂ ಕಂಡಿರುತ್ತೀರಿ. ಅದೇ ಪ್ರಶ್ನೆಗಳನ್ನು ನಾಲ್ಕು ದಿನ ಬಿಟ್ಟು ಕೇಳಿದ್ದರೆ ಕೂತು ಲೆಕ್ಕ ಹಾಕಿ ಒಂದು ದಾರಿ ಹುಡುಕಬಹುದಿತ್ತು.

ನಾವು ಸುಮ್ಮನಿರಲಾರದ್ದು ಏಕೆ ಎಂದು ಯೋಚಿಸಿದ್ದೇನೆ. ಕೈ ಕಟ್ಟಿ ಕೂತರೆ ಕಾಳಜಿ ಇಲ್ಲವೆಂದು ಇತರರು ಭಾವಿಸುತ್ತಾರೆ ಎಂಬ ಭಯ ಅದರಲ್ಲಿ ಅರ್ಧ. ಇನ್ನರ್ಧ ನಮ್ಮದೇ ಸಂಕಟ. ಮಗುವಿನ ದುಃಖಕ್ಕಿಂತ ಅದನ್ನು ನೋಡಬೇಕಾದ ನಮ್ಮ ತಳಮಳ ದೊಡ್ಡದು, ಏನಾದರೂ ಮಾಡಿ ಮೊದಲು ಅದನ್ನು ಶಮನ ಮಾಡಿಕೊಳ್ಳುತ್ತೇವೆ. ಸೌಟು ಆಡಿಸುವುದು ಪಾಕಕ್ಕಾಗಿ ಅಲ್ಲ, ಕೈಗಾಗಿ.

ಆದರೆ ಇಲ್ಲಿಗೇ ನಿಂತರೆ ತಪ್ಪಾಗುತ್ತದೆ. ಫಡ್ಜ್ ಆರಲೆಂದು ಇಟ್ಟು ಸಿನಿಮಾಕ್ಕೆ ಹೋದರೆ ವಾಪಸು ಬರುವಷ್ಟರಲ್ಲಿ ಅದು ಬಡಿಯಲಾಗದಷ್ಟು ಗಟ್ಟಿಯಾಗಿರುತ್ತದೆ. ಮುಟ್ಟದೆಯೂ ಹತ್ತಿರವೇ ಇರಬೇಕು. ಬಾಗಿಲು ಹಾಕಿಕೊಂಡ ಹುಡುಗನ ಮನೆಯಲ್ಲಿ ಯಾರಾದರೊಬ್ಬರು ಆ ಬಾಗಿಲ ಹೊರಗೆ, ಅವನ ದನಿ ಕೇಳುವಷ್ಟು ದೂರದಲ್ಲಿ ಇರಲೇಬೇಕು. ಫಲಿತಾಂಶದ ಮಾರನೆಯ ದಿನದ ಪತ್ರಿಕೆ ಓದುವವರಿಗೆ ಕಾರಣ ಹೇಳಬೇಕಿಲ್ಲ. ಇನ್ನು ಹದಕ್ಕೆ ಬಂದ ಮೇಲೆ ಪುರುಸೊತ್ತು ಎಂಬ ಮಾತೇ ಇಲ್ಲ. ಮರದ ಸೌಟು ಹಿಡಿದು ತೋಳು ಸೋಲುವವರೆಗೆ ಬಡಿಯಬೇಕು. ಮೇಲಿನ ಹೊಳಪು ಮಾಸಿದ ಕ್ಷಣವೇ ತಟ್ಟೆಗೆ ಸುರಿಯಬೇಕು. ಅರೆಗಳಿಗೆ ತಡವಾದರೂ ಪಾತ್ರೆಯಲ್ಲೇ ಕಲ್ಲು. ತಾಳ್ಮೆಯವರೆಂದು ಹೊಗಳಿಸಿಕೊಳ್ಳುವ ಎಷ್ಟೋ ಜನರಿಗೆ ಈ ಕೊನೆಯ ಭಾಗ ಬರುವುದಿಲ್ಲ.

ಇಷ್ಟೆಲ್ಲ ಪಾಡು ಏಕೆಂದು ಅಮೆರಿಕದವರೇ ಅಡ್ಡದಾರಿ ಕಂಡುಕೊಂಡಿದ್ದಾರೆ. ಅಧ್ಯಕ್ಷ ಐಸೆನ್‌ಹೋವರ್ ಅವರ ಪತ್ನಿ ಮೇಮಿ ಹೆಸರಿನಲ್ಲಿ ಪ್ರಸಿದ್ಧವಾದ ಫಡ್ಜ್‌ಗೆ ಮಾರ್ಷ್‌ಮ್ಯಾಲೋ ಕ್ರೀಮ್ ಬೀಳುತ್ತದೆ. ಅದು ಹರಳು ಬೆಳೆಯದಂತೆ ತಡೆಯುವುದರಿಂದ ಕೆಡುವ ಭಯ ಕಡಿಮೆ. ಈಗಂತೂ ಒಂದು ಡಬ್ಬಿ ಕಂಡೆನ್ಸ್ಡ್ ಹಾಲನ್ನು ಬಟ್ಟಲಿಗೆ ಸುರಿದು ಚಾಕೊಲೇಟ್ ಚೂರು ಹಾಕಿ ಮೈಕ್ರೋವೇವ್‌ನಲ್ಲಿ ಕರಗಿಸಿ ಫ್ರಿಜ್ಜಿಗೆ ಇಟ್ಟರೆ ಮುಗಿಯಿತು. ಅದನ್ನು ಹೀಗಳೆಯುವ ಆಸೆ ನನಗಿಲ್ಲ. ಕಂಕುಳಲ್ಲಿ ಕೂಸು ಎತ್ತಿಕೊಂಡವಳು ಅದನ್ನೇ ಮಾಡಬೇಕು. ಬಿಡುವಿದ್ದವರು ಮಾತ್ರ ಹಳೆಯ ಕ್ರಮ ಹಿಡಿಯಲಿ. ಕಾಯುವ ಪಾಠ ಆ ಡಬ್ಬಿಯಲ್ಲಿ ಸಿಗುವುದಿಲ್ಲ.

ಕಾಯುವುದೆಲ್ಲ ಸದ್ಗುಣವೂ ಅಲ್ಲ. ಫಡ್ಜ್‌ಗೆ ಬೀಳುವ ಕೋಕೋದ ಕಡೆ ನೋಡಿ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳದು. ಅಲ್ಲಿನ ತೋಟಗಳಲ್ಲಿ ಮಕ್ಕಳನ್ನು ದುಡಿಸುವ ಕ್ರೂರ ಪದ್ಧತಿಯನ್ನು ನಿಲ್ಲಿಸುತ್ತೇವೆಂದು ಚಾಕೊಲೇಟ್ ಉದ್ಯಮ 2001ರಲ್ಲಿ ಅಮೆರಿಕದಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ಗಡುವು 2005 ಎಂದಿತು. ಅದು 2008ಕ್ಕೆ ಹೋಯಿತು, ಮತ್ತೆ 2010ಕ್ಕೆ, ಆಮೇಲೆ ಗುರಿಯನ್ನೇ ತಗ್ಗಿಸಿ 2020ಕ್ಕೆ. 2020ರಲ್ಲಿ ಹೊರಬಂದ ಅಧ್ಯಯನ ಆ ಎರಡು ದೇಶಗಳ ಕೋಕೋ ತೋಟಗಳಲ್ಲಿ ಬಾಲಕಾರ್ಮಿಕರು 15.6 ಲಕ್ಷ ಎಂದು ಅಂದಾಜಿಸಿತು. ಸಕ್ಕರೆ ಆರಲೆಂದು ಕಾಯುವುದು ಬೇರೆ, ಮಗುವಿನ ಕೈಯಲ್ಲಿ ಮಚ್ಚು ಇರುವಾಗ ಕಾಯುವುದು ಬೇರೆ. ನಮ್ಮ ದಕ್ಷಿಣ ಕನ್ನಡದಲ್ಲೇ ಇದಕ್ಕೆ ಉಲ್ಟಾ ಉದಾಹರಣೆ ಉಂಟು. 1970ರ ದಶಕದ ಕೊನೆಯಲ್ಲಿ ಕೋಕೋ ಬೆಲೆ ಕುಸಿದು, ಅಡಿಕೆ ತೋಟದ ನಡುವೆ ಗಿಡ ಹಾಕಿದ್ದ ರೈತರು ಕಂಗೆಟ್ಟಾಗ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಪೇಟೆ ತಾನಾಗಿ ಸರಿಹೋಗಲಿ ಎಂದು ಕೂರಲಿಲ್ಲ. ತಾನೇ ಕೋಕೋ ಕೊಳ್ಳಲು ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಯಾವುದನ್ನು ಆರಲು ಬಿಡಬೇಕು, ಯಾವುದಕ್ಕೆ ಕೂಡಲೇ ಕೈ ಹಾಕಬೇಕು ಎಂಬುದಕ್ಕೆ ಥರ್ಮಾಮೀಟರ್ ಇಲ್ಲ.

ಅಡುಗೆಯ ಥರ್ಮಾಮೀಟರ್ ಕೂಡ ಊರೂರಿಗೆ ಬೇರೆ ಮಾತಾಡುತ್ತದೆ. ಅಮೆರಿಕದ ಪುಸ್ತಕಗಳು 112ರಿಂದ 115 ಡಿಗ್ರಿಗೆ ಇಳಿಸಿ ಎನ್ನುತ್ತವೆ. ಅದು ಸಮುದ್ರಮಟ್ಟದ ಲೆಕ್ಕ; ಮಂಗಳೂರಿಗೆ ಸರಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97ರ ಆಸುಪಾಸಿಗೇ ಕುದಿಯುವುದರಿಂದ ಮೂರು ಡಿಗ್ರಿ ಮೊದಲೇ ಇಳಿಸಬೇಕು. ಅದಕ್ಕಿಂತ ನಂಬಿಕೆಯದು ಕಜ್ಜಾಯದ ಪಾಕಕ್ಕೆ ನಮ್ಮ ಅಜ್ಜಿಯಂದಿರು ಮಾಡುವ ಪರೀಕ್ಷೆ: ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಹೊರಳಿಸಿದರೆ ಮೆತ್ತನೆಯ ಉಂಡೆ ಆಗಬೇಕು. ಅಮೆರಿಕದ ಅಜ್ಜಿಯರೂ ಇದನ್ನೇ ಮಾಡುತ್ತಿದ್ದರು.

ಮಾಡಿ ನೋಡುವ ಮನಸ್ಸಿದ್ದರೆ, ಹರ್ಷೀಸ್ ಕೋಕೋ ಡಬ್ಬಿಯ ಮೇಲೆ ಬಹುಕಾಲ ಅಚ್ಚಾಗುತ್ತಿದ್ದ ಅಳತೆ ಹೀಗಿದೆ: ಮೂರು ಕಪ್ ಸಕ್ಕರೆ, ಮುಕ್ಕಾಲಿಗೆ ತುಸು ಕಡಿಮೆ ಕಪ್ ಕೋಕೋ, ಒಂದೂವರೆ ಕಪ್ ಹಾಲು, ಕಾಲು ಕಪ್ ಬೆಣ್ಣೆ, ಚಿಟಿಕೆ ಉಪ್ಪು, ಒಂದು ಚಮಚ ವೆನಿಲಾ. ಮಳೆ ಹಿಡಿದ ದಿನ ಬೇಡ, ಗಾಳಿಯ ತೇವಕ್ಕೆ ಅಂಟಂಟಾಗುತ್ತದೆ. ಒಂದು ವೇಳೆ ಮರಳುಗಟ್ಟಿದರೆ ಬಿಸಾಡಲು ಹೋಗಬೇಡಿ. ಹಾಲು ಸೀದರೆ ದಾರಿಯಿಲ್ಲ, ಸಕ್ಕರೆ ಮಾತ್ರ ಎಷ್ಟು ಸಲ ಬೇಕಾದರೂ ಕರಗುತ್ತದೆ. ಅದೇ ಪಾತ್ರೆಗೆ ಹಾಕಿ, ಒಂದೂವರೆ ಕಪ್ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸಿ, ಅಂಚು ಒರೆಸಿ, ಮತ್ತೆ ಅದೇ ಹದಕ್ಕೆ ಕುದಿಸಿ ಇಳಿಸಿ. ವೆನಿಲಾ ಇನ್ನೊಂದು ಚಮಚ ಬೇಕಾಗುತ್ತದೆ, ಮೊದಲಿನ ಘಮ ಆವಿಯ ಜೊತೆ ಹೋಗಿರುತ್ತದೆ.